47ನೇ ವಯಸ್ಸಿನಲ್ಲಿ ಮತ್ತೆ ಕಚೇರಿ ಕೆಲಸಕ್ಕೆ: ಯಾವ ಪ್ರಮಾಣಪತ್ರ ಮಾಡಿಕೊಳ್ಳಲಿ?

ಕಿರ್ದಿ ಪುಸ್ತಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ವೇದಿಕೆಯಲ್ಲಿ ನೀವು ಬರೆದದ್ದನ್ನು ಓದಿಕೊಂಡು ಸುಮ್ಮನಿದ್ದೆ. ಈಗ ಕೇಳದೆ ವಿಧಿಯಿಲ್ಲ.

ಬಿ.ಕಾಂ. ಮುಗಿಸಿದ್ದು 1999ರಲ್ಲಿ. 2000ದಿಂದ 2007ರವರೆಗೆ ಇಲ್ಲಿಯೇ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೊದಲು ಕೆಂಪು ಬಟ್ಟೆಯ ರಟ್ಟಿನ ಕಿರ್ದಿ, ಖತಾವಣಿ, ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ. 2005ರ ಏಪ್ರಿಲ್‌ನಲ್ಲಿ ವ್ಯಾಟ್, ಅಂದರೆ ಈಗಿನ ಜಿಎಸ್‌ಟಿಗೂ ಹಿಂದಿನ ಮಾರಾಟ ತೆರಿಗೆ, ಬಂದಾಗ ಇಡೀ ಕಚೇರಿಗೆ ಅದನ್ನು ಬಿಡಿಸಿ ಹೇಳಿದವಳು ನಾನು. ಈ ಮಾತನ್ನು ಈಗ ನನ್ನ ಮಕ್ಕಳೇ ನಂಬುವುದಿಲ್ಲ. 2007ರಲ್ಲಿ ಅತ್ತೆಯವರಿಗೆ ಲಕ್ವ ಹೊಡೆಯಿತು, ಚಿಕ್ಕವನಿಗೆ ಆಗ ಒಂದೂವರೆ ವರ್ಷ. ಕೆಲಸ ಬಿಟ್ಟೆ.

ಈಗ ಅತ್ತೆ ಇಲ್ಲ. ಚಿಕ್ಕವನು ಹಾಸ್ಟೆಲ್ ಸೇರಿದ. ಹತ್ತು ಗಂಟೆಗೆಲ್ಲ ಮನೆಗೆಲಸ ಮುಗಿದು ಗಡಿಯಾರ ನೋಡುತ್ತಾ ಕೂರುತ್ತೇನೆ. ಕಳೆದ ವಾರ ಧೈರ್ಯ ಮಾಡಿ ಒಬ್ಬ ಲೆಕ್ಕ ಪರಿಶೋಧಕರ ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ನನ್ನ ಮಗನ ವಯಸ್ಸಿನ ಹುಡುಗ, "ಜಿಎಸ್‌ಟಿಆರ್-1 ಹಾಕಿದ್ದೀರಾ?" ಎಂದು ಕೇಳಿದ. "ವ್ಯಾಟ್ 100 ಹಾಕಿದ್ದೇನೆ" ಎಂದೆ. "ಅದೇನು ಆಂಟಿ?" ಎಂದ. ಪ್ರತಿ ತಿಂಗಳು ತುಂಬುತ್ತಿದ್ದ ನಮೂನೆಯ ಹೆಸರು ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನಗು ಬಂತು, ಮನೆಗೆ ಬಂದ ಮೇಲೆ ಅಳು.

ಒಂದು ತರಬೇತಿ ಕೇಂದ್ರದವರು ಒಂಬತ್ತು ತಿಂಗಳ ಡಿಪ್ಲೊಮಾಕ್ಕೆ 45,000 ರೂಪಾಯಿ ಹೇಳಿದ್ದಾರೆ. ಪಕ್ಕದ ಮನೆಯವರು ಟೈಪಿಂಗ್ ಪರೀಕ್ಷೆ ಕಟ್ಟಿ ಎನ್ನುತ್ತಾರೆ. ನನ್ನ ತಮ್ಮ, ಓದುವುದೇ ಆದರೆ ಕಂಪನಿ ಸೆಕ್ರೆಟರಿ ಓದು ಅಕ್ಕಾ ಎನ್ನುತ್ತಾನೆ. ಯಾವುದು ಸರಿ?

ತುಂಗಾ ತೀರ, ಶಿವಮೊಗ್ಗ

ಅಕ್ಕ, ದಯವಿಟ್ಟು ಆ 45,000 ಕಟ್ಟಬೇಡಿ. ನಾನು ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಕಡೆ 38,000 ಕಟ್ಟಿದವಳು. ಉದ್ಯೋಗ ಖಾತ್ರಿ ಎಂದು ಗೋಡೆಯ ತುಂಬಾ ಬರೆದಿದ್ದರು. ಕಲಿಸಲು ಬಂದ ಹುಡುಗಿ ನನಗಿಂತ ಎರಡು ಅಧ್ಯಾಯ ಮುಂದಿದ್ದಳು, ಅಷ್ಟೆ. ಕೊನೆಗೆ ಕೊಟ್ಟ ಹೊಳೆಯುವ ಪ್ರಮಾಣಪತ್ರ ಈಗ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ಯಾವ ಸಂದರ್ಶನದಲ್ಲೂ ಒಬ್ಬರೂ ಅದನ್ನು ಕೈಗೆತ್ತಿಕೊಂಡು ನೋಡಲಿಲ್ಲ.

ಲೆಕ್ಕಿಗ, ಹುಬ್ಬಳ್ಳಿ

ನಾನು ಇಪ್ಪತ್ತೆರಡು ವರ್ಷದಿಂದ ತೆರಿಗೆ ಸಲಹೆಯ ಕಚೇರಿ ನಡೆಸುತ್ತಿದ್ದೇನೆ. ಕೆಲಸಕ್ಕೆ ಸೇರಿಸಿಕೊಳ್ಳುವವನ ಕಡೆಯಿಂದ ಹೇಳುತ್ತೇನೆ, ಕೇಳಿ ಮೇಡಂ.

ನಿಮಗೆ ಗೊತ್ತಿಲ್ಲದ್ದು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಜಮಾ, ಖರ್ಚು, ಬ್ಯಾಂಕ್ ತಾಳೆ, ಸಾಲಗಾರರ ಪಟ್ಟಿ ಇವು ಯಾವುವೂ ಬದಲಾಗಿಲ್ಲ. ಬದಲಾಗಿರುವುದು ತಿಂಗಳ ಪಂಚಾಂಗ. 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. 15ಕ್ಕೆ ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ). 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕ, ತೆರಿಗೆಯ ಸಮೇತ. ನಮ್ಮ ರಾಜ್ಯದ ವೃತ್ತಿ ತೆರಿಗೆಯೂ ಅಂದೇ. ಈ ತಾರೀಖುಗಳನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ಎರಡು ತಿಂಗಳಲ್ಲಿ ಏಕಾದಶಿಯಷ್ಟೇ ಸಲೀಸಾಗಿ ನೆನಪಿಗೆ ಬರುತ್ತವೆ.

ಈಗ ವ್ಯಾಟ್‌ಗೂ ಜಿಎಸ್‌ಟಿಗೂ ಇರುವ ನಿಜವಾದ ವ್ಯತ್ಯಾಸ. ನಿಮ್ಮ ಕಾಲದಲ್ಲಿ ಖರೀದಿಯ ಬಿಲ್ಲು ಕಡತದಲ್ಲಿದ್ದರೆ ಆ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತಿದ್ದಿರಿ. ಈಗ ಮಾರಿದವನು ತನ್ನ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ಲನ್ನು ತೋರಿಸಿದರೆ ಮಾತ್ರ 14ರಂದು ಬರುವ ನಮ್ಮ ಖರೀದಿಗಳ 2ಬಿ ಪಟ್ಟಿಯಲ್ಲಿ ಅದು ಕಾಣುತ್ತದೆ. ಕಾಣದಿದ್ದರೆ ಆ ತಿಂಗಳು ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆಯಲು ಸಿಗುವುದಿಲ್ಲ. 2022ರ ಜನವರಿಯಿಂದ ಇದು ಕಟ್ಟುನಿಟ್ಟು. ಹಾಗಾಗಿ ಪ್ರತಿ ತಿಂಗಳು 8ರಿಂದ 11ರವರೆಗೆ ನಮ್ಮ ಕಚೇರಿಯಲ್ಲಿ ನಡೆಯುವ ಅರ್ಧ ಕೆಲಸ ಫೋನಿನದು. "ಸ್ವಾಮಿ, ನಮ್ಮ ಎರಡು ಬಿಲ್ಲು ಏರಿಸಿಲ್ಲವಲ್ಲ" ಎಂದು ಗದಗಿನವರಿಗೆ, ರಾಣೆಬೆನ್ನೂರಿನವರಿಗೆ ಬೇಸರವಾಗದ ಹಾಗೆ ಹೇಳಿ, ಹತ್ತು ಸಲ ಹೇಳಿ ಮಾಡಿಸಬೇಕು. 22ರ ಹುಡುಗರು ಒಂದು ಸಂದೇಶ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನನ್ನಲ್ಲಿ ಈ ಕೆಲಸ ನೋಡಿಕೊಳ್ಳುವವರು 51 ವರ್ಷದ ಒಬ್ಬ ತಾಯಿ. ಅವರ ಫೋನು ಬಂದರೆ ವ್ಯಾಪಾರಿಗಳು ಎದ್ದು ಕೂರುತ್ತಾರೆ.

ಪ್ರಮಾಣಪತ್ರ ಬೇಕೇ ಬೇಕು ಎನಿಸಿದರೆ ಟ್ಯಾಲಿಯದ್ದು ಒಂದು ಸಾಕು. ಅದಕ್ಕೂ ಮೊದಲು ಪರಿಚಯದ ಯಾರಾದರೂ ವ್ಯಾಪಾರಿಯ ಮೂರು ತಿಂಗಳ ಬಿಲ್ಲುಗಳನ್ನು ತಂದು ಮನೆಯಲ್ಲಿಯೇ ಏರಿಸಿ ನೋಡಿ.

ತುಂಗಾ ತೀರ, ಶಿವಮೊಗ್ಗ

ಸರ್ ಹೇಳುವುದು ಸರಿ, ಆದರೆ "ಪರಿಚಯದ ವ್ಯಾಪಾರಿ" ಎಲ್ಲರಿಗೂ ಇರುವುದಿಲ್ಲ. ಬಾಗಿಲು ತೆರೆಸುವವರೆಗೂ ನಮ್ಮಂಥವರಿಗೆ ಕಾಗದವೇ ಗತಿ. ಒಳಗೆ ಕೂತವರಿಗೆ ಕಾಗದ ಬೇಡ ಎನ್ನುವುದು ಸುಲಭ.

ಲೆಕ್ಕಿಗ, ಹುಬ್ಬಳ್ಳಿ

ಒಪ್ಪಿದೆ. ಆ ಮಾತು ನನಗೆ ತಾಗಿತು.

ನಿವೃತ್ತ ಶಿರಸ್ತೇದಾರ, ತುಮಕೂರು

ಟೈಪಿಂಗ್ ಪರೀಕ್ಷೆಯ ಮಾತು ಬಂದಿದ್ದರಿಂದ ನಾಲ್ಕು ಸಾಲು. ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಟೈಪಿಂಗ್‌ನ ಪ್ರೌಢ ದರ್ಜೆ (ಸೀನಿಯರ್) ತೇರ್ಗಡೆಯಾಗಿರಬೇಕು. ಅಲ್ಲಿ ಅನುಭವ ಎಷ್ಟಿದ್ದರೂ ಆ ಕಾಗದವಿಲ್ಲದೆ ಅರ್ಜಿಯನ್ನೇ ಮುಟ್ಟುವುದಿಲ್ಲ. ಆದ್ದರಿಂದ ಕಾಗದಕ್ಕೆ ಬೆಲೆಯಿಲ್ಲ ಎಂದು ಸಾರಾಸಗಟಾಗಿ ಹೇಳಬೇಡಿ; ಖಾಸಗಿ ಕಚೇರಿಯ ಮಾತು ಬೇರೆ, ಸರ್ಕಾರದ ಮಾತು ಬೇರೆ.

ಆದರೆ ಈ ತಾಯಿಗೆ ಆ ದಾರಿ ಮುಚ್ಚಿದೆ. ರಾಜ್ಯ ಸರ್ಕಾರದ ನೇರ ನೇಮಕಾತಿಗೆ ಸಾಮಾನ್ಯ ನಿಯಮದಲ್ಲಿ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40. ವಿಧವೆಯರಿಗೆ 10 ವರ್ಷ ಸಡಿಲಿಕೆ ಉಂಟು. ಇವರಿಗೆ 47. ಸರ್ಕಾರಿ ನೌಕರಿಯ ಆಸೆಗೆ ಟೈಪಿಂಗ್ ಕಟ್ಟಿದರೆ ಹಣ ದಂಡ.

ಹಾಗೆಂದು ಕನ್ನಡ ಟೈಪಿಂಗ್ ಕಲಿಯುವುದು ವ್ಯರ್ಥವಲ್ಲ. ಉಪನೋಂದಣಿ ಕಚೇರಿಯ ಸುತ್ತ ಇರುವ ಪತ್ರ ಬರಹಗಾರರು, ನೋಟರಿಗಳು, ಸಿವಿಲ್ ವಕೀಲರು ಇವರಿಗೆಲ್ಲ ತಪ್ಪಿಲ್ಲದೆ ಕನ್ನಡ ಹೊಡೆಯುವವರು ಸಿಗುತ್ತಿಲ್ಲ. ಚೆಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ, ಬರೆಯುವಾಗ ಪೂರ್ವ ಪಶ್ಚಿಮ ಅದಲು ಬದಲಾದರೆ ಏನಾಗುತ್ತದೆ ಎಂಬುದು ನಲವತ್ತು ದಾಟಿದವರಿಗೆ ಹೇಳಿಕೊಡಬೇಕಾಗಿಲ್ಲ.

ಟಪ್ಪಾಲು ವಹಿ, ಹಾಸನ ಜಿಲ್ಲೆ

ನಾನು ಇಲ್ಲಿ ಬರೆಯುವುದು ಕಡಿಮೆ. ನಿಮ್ಮ "ವ್ಯಾಟ್ 100" ಓದಿ ಕೈ ತಡೆಯಲಿಲ್ಲ ಅಕ್ಕ.

ನಮ್ಮ ಯಜಮಾನರು ಸೇವೆಯಲ್ಲಿದ್ದಾಗಲೇ ಹೋದರು. ನನಗಾಗ 42. ಅನುಕಂಪದ ನೌಕರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಎಂದು ಅವರ ಸಹೋದ್ಯೋಗಿಯೊಬ್ಬರು ಹನ್ನೊಂದನೆಯ ತಿಂಗಳಲ್ಲಿ ಮನೆಗೇ ಬಂದು ಹೇಳದಿದ್ದರೆ ಅದೂ ಕೈತಪ್ಪುತ್ತಿತ್ತು. ದ್ವಿತೀಯ ದರ್ಜೆ ಸಹಾಯಕಿಯಾಗಿ ತಾಲ್ಲೂಕು ಮಟ್ಟದ ಒಂದು ಕಚೇರಿಗೆ ಸೇರಿದೆ. ಅಲ್ಲಿಯವರೆಗೆ ನಾನು ಕಚೇರಿ ಎಂದು ಕಂಡಿದ್ದು ಊಟದ ಡಬ್ಬಿ ಕೊಡಲು ಹೋದಾಗ ಮಾತ್ರ.

ಮೊದಲ ದಿನ ಕೈಗೆ ಟಪ್ಪಾಲು ವಹಿ ಕೊಟ್ಟರು. ಬಂದ ಪ್ರತಿ ಪತ್ರಕ್ಕೂ ಸಂಖ್ಯೆ, ದಿನಾಂಕ, ಎಲ್ಲಿಂದ, ಯಾವ ವಿಷಯ ನಿರ್ವಾಹಕರಿಗೆ. ಮಧ್ಯಾಹ್ನದ ಹೊತ್ತಿಗೆ ಎರಡು ಪತ್ರಕ್ಕೆ ಒಂದೇ ಸಂಖ್ಯೆ ಹಾಕಿದ್ದೆ. ಬಿಳಿ ಬಣ್ಣ ಹಚ್ಚಿ ತಿದ್ದಲು ಹೋದಾಗ ಹಿರಿಯ ಗುಮಾಸ್ತರು ಕೈ ಹಿಡಿದು, "ಅಮ್ಮಾ, ಬಳಿಯಬೇಡಿ. ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಸರಿಯಾದದ್ದು ಬರೆದು ರುಜು ಹಾಕಿ. ತಪ್ಪು ಕಾಣಬೇಕು" ಎಂದರು. ಆ ಗೆರೆ ಎಳೆಯುವಾಗ ಕೈ ನಡುಗಿದ್ದು ಈಗಲೂ ನೆನಪಿದೆ.

ಕಡತದಲ್ಲಿ ಟಿಪ್ಪಣಿ ಬರೆಯುವುದನ್ನು ಕಲಿಯಲು ಆರು ತಿಂಗಳು ಹಿಡಿಯಿತು. ಯಾರ ಅರ್ಜಿ, ಏನು ಕೋರಿಕೆ, ಯಾವ ನಿಯಮ, ಹಿಂದೆ ಏನಾಗಿದೆ, ಕೊನೆಗೆ "ಸೂಕ್ತ ಆದೇಶಕ್ಕಾಗಿ ಸಲ್ಲಿಸಿದೆ". ಕಂಡಿಕೆಗೆ ಸಂಖ್ಯೆ ಹಾಕದೆ ಕಳಿಸಿದರೆ ಹಾಗೆಯೇ ಹಿಂದಕ್ಕೆ ಬರುತ್ತಿತ್ತು. ಆಮೇಲೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. "ತ" ಬೇಕಾದರೆ ಟಿ ಒತ್ತಬೇಕು, ಅದು ಸರಿ. "ಟ" ಬೇಕಾದರೆ ಕ್ಯೂ! ಒತ್ತಕ್ಷರಕ್ಕೆ ನಡುವೆ ಎಫ್. "ಅಕ್ಕ" ಎಂದು ಮೂಡಿಸಲು ನಾಲ್ಕು ಕೀಲಿ. ರಾತ್ರಿ ಮಗಳ ಲ್ಯಾಪ್‌ಟಾಪಿನಲ್ಲಿ ದಿನಪತ್ರಿಕೆಯ ಒಂದು ಕಾಲಂ ಪೂರ್ತಿ ಹೊಡೆದು ಮಲಗುತ್ತಿದ್ದೆ. ಸರ್ಕಾರಿ ನೌಕರರಿಗೆ 2012ರ ನಿಯಮದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಮೊದಲ ಸಲ ಕೂತಾಗ ಮೌಸ್ ಹಿಡಿದ ಅಂಗೈ ಬೆವೆತು ಜಾರುತ್ತಿತ್ತು. ಎರಡನೆಯ ಸಲಕ್ಕೆ ತೇರ್ಗಡೆ. ಫಲಿತಾಂಶ ನೋಡಿ ಮಗಳು ಕೇಸರಿಬಾತು ಮಾಡಿದ್ದಳು, ಸಕ್ಕರೆ ಎರಡರಷ್ಟು.

ನಿಮಗೆ ಏಳು ವರ್ಷ ಲೆಕ್ಕ ಬರೆದ ಕೈ ಇದೆ. ನನಗೆ ಅದೂ ಇರಲಿಲ್ಲ.

ಸಂಗಮದವಳು, ಪುಣೆ

ನಿಮ್ಮ ತಮ್ಮ ಹೇಳಿದ ಕಂಪನಿ ಸೆಕ್ರೆಟರಿ, ಅಂದರೆ ಕಂಪನಿಯ ಕಾನೂನು ವ್ಯವಹಾರ ನೋಡುವವರ ಓದಿನ ವಿಷಯ: ನಾನು ಬಾಗಲಕೋಟೆಯವಳು, 44ಕ್ಕೆ ಶುರು ಮಾಡಿದೆ, ಈಗ 49. ವಯಸ್ಸಿನ ಮೇಲಿನ ಮಿತಿ ಇಲ್ಲ ಎನ್ನುವುದು ನಿಜ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ; ಒಂದೊಂದು ಪತ್ರಿಕೆಯಲ್ಲಿ 40, ಒಟ್ಟಾರೆ ಶೇಕಡಾ 50 ಬರಬೇಕು. ಆ ಶೇಕಡಾ 50ರ ಗೋಡೆಗೆ ನಾನು ಮೂರು ಸಲ ಹಣೆ ಚಚ್ಚಿಕೊಂಡಿದ್ದೇನೆ. ಓದು ಮುಗಿದರೂ 21 ತಿಂಗಳ ತರಬೇತಿ ಇದೆ, ಅಲ್ಲಿ ನಿಮ್ಮ ಮೇಲಿನವರಿಗೆ 26 ವರ್ಷ ಇರಬಹುದು. ನನಗೆ ಓದುವುದೇ ಇಷ್ಟ, ಮನೆಯಲ್ಲಿ ಹಣದ ಅವಸರ ಇರಲಿಲ್ಲ, ಹಾಗಾಗಿ ನಡೆಯಿತು. ಬರುವ ತಿಂಗಳೇ ಸಂಬಳ ಬೇಕು ಎನ್ನುವವರಿಗೆ ಇದು ದಾರಿಯಲ್ಲ.

ಕಿರ್ದಿ ಪುಸ್ತಕ, ದಾವಣಗೆರೆ

ಎಲ್ಲರಿಗೂ ಋಣಿ. ಟಪ್ಪಾಲು ಅವರೇ, ನಿಮ್ಮ ಬರಹವನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ.

ಸಂಬಳ ಬೇಕು, ಮುಚ್ಚಿಡುವುದೇನು. ಆದ್ದರಿಂದ ಕಂಪನಿ ಸೆಕ್ರೆಟರಿ ಓದು ಬಿಟ್ಟೆ. ಟೈಪಿಂಗ್ ಪರೀಕ್ಷೆಯೂ ಬಿಟ್ಟೆ, ನುಡಿ ಮಾತ್ರ ಮನೆಯಲ್ಲಿ ಕಲಿಯುತ್ತೇನೆ. ಹಳೆಯ ಗಿರಣಿಯಲ್ಲಿದ್ದ ಒಬ್ಬ ಗೆಳತಿಯ ಗಂಡನದು ಗೊಬ್ಬರದ ಅಂಗಡಿ. ಅವರ ಮೂರು ತಿಂಗಳ ಬಿಲ್ಲು ಕೇಳಿದ್ದೇನೆ.

ಇನ್ನೊಂದು ತೊಡಕು. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಊರು ಮತ್ತು ಅಪ್ಪನ ಹೆಸರಿನ ಎರಡು ಇನಿಷಿಯಲ್ ಇವೆ. ಆಧಾರ್‌ನಲ್ಲಿ ಮುಂದೆ ಗಂಡನ ಹೆಸರು ಬಂದಿದೆ. ಇದು ತೊಂದರೆ ಕೊಡುತ್ತದೆಯೇ?

ಲೆಕ್ಕಿಗ, ಹುಬ್ಬಳ್ಳಿ

ಕೊಡುತ್ತದೆ, ಮತ್ತು ನೀವು ಕೇಳಿದ್ದು ಒಳ್ಳೆಯದಾಯಿತು. ಸಂದರ್ಶನದಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ; ಪಿಎಫ್ ಖಾತೆಗೆ ಆಧಾರ್ ಜೋಡಿಸುವಾಗ ಹೆಸರು ಹೊಂದದಿದ್ದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರಿಗೆ ಇದು ಹಳೆಯ ಕಾಟ. ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಪಿಎಫ್ ಎಂದಾಗ ನೆನಪಾಯಿತು. 2007ರಲ್ಲಿ ಬಿಟ್ಟಾಗ ಹಣ ತೆಗೆದಿರಾ? ತೆಗೆದಿದ್ದರೆ ಪಿಂಚಣಿ ಭಾಗವನ್ನೂ ತೆಗೆದಿರಾ? ಅದಕ್ಕೆ 10ಸಿ ಎಂಬ ಬೇರೆ ನಮೂನೆ.

ಕಿರ್ದಿ ಪುಸ್ತಕ, ದಾವಣಗೆರೆ

ಒಂದೇ ನಮೂನೆಗೆ ಸಹಿ ಹಾಕಿದ ನೆನಪು. ಆ ಹಣದಲ್ಲಿ ಮನೆಗೆ ಫ್ರಿಜ್ ಬಂತು.

ಲೆಕ್ಕಿಗ, ಹುಬ್ಬಳ್ಳಿ

ಹಾಗಾದರೆ ಪಿಂಚಣಿ ಭಾಗ ಇನ್ನೂ ಅಲ್ಲಿಯೇ ಇರುವ ಸಾಧ್ಯತೆ ಇದೆ. ಹಳೆಯ ಸದಸ್ಯತ್ವದ ಸಂಖ್ಯೆ ಹುಡುಕಿ. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ, ಬಂದದ್ದು 2014ರಲ್ಲಿ, ಅದಕ್ಕೂ ಹಿಂದಿನವರಿಗೆ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಇರುತ್ತಿತ್ತು. ಹಳೆಯ ಸಂಬಳ ಚೀಟಿಯಲ್ಲಿ ಸಿಗುತ್ತದೆ. ಪಿಂಚಣಿಗೆ ಬೇಕಾದದ್ದು ಒಟ್ಟು 10 ವರ್ಷದ ಸೇವೆ. ಹಿಂದಿನ ಏಳು ಸೇರಿಕೊಂಡರೆ ಇನ್ನು ಮೂರೇ ಮೂರು. ಸೇರದಿದ್ದರೂ ಕೇಳಿ: 47ಕ್ಕೆ ಹೊಸದಾಗಿ ಶುರು ಮಾಡಿದರೆ 58ರ ಹೊತ್ತಿಗೆ 11 ವರ್ಷ ಆಗುತ್ತದೆ. ಆದರೆ ಒಂದು ಷರತ್ತು, 2014ರ ಸೆಪ್ಟೆಂಬರ್ ನಂತರ ಹೊಸ ಸದಸ್ಯರಾಗುವವರ ಪಿಎಫ್ ವೇತನ 15,000 ದಾಟಿದ್ದರೆ ಪಿಂಚಣಿ ಯೋಜನೆಗೆ ಸೇರಿಸುವುದಿಲ್ಲ. ಅದಕ್ಕೇ ಹಳೆಯ ಸದಸ್ಯತ್ವ ಹುಡುಕಿ ಎಂದದ್ದು. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, ದೊಡ್ಡ ಮೊತ್ತವೇನಲ್ಲ. ಆದರೂ ನಿಮ್ಮದು.

ತುಂಗಾ ತೀರ, ಶಿವಮೊಗ್ಗ

ಈ ಮಾತನ್ನು 38,000 ತೆಗೆದುಕೊಂಡ ಯಾರೂ ನನಗೆ ಹೇಳಲಿಲ್ಲ. ನಾನೂ ಬೀರು ಹುಡುಕುತ್ತೇನೆ.

ನಿವೃತ್ತ ಶಿರಸ್ತೇದಾರ, ತುಮಕೂರು

ಹುಡುಕುವಾಗ ಸೀರೆಯ ಕೆಳಗಿನ ಆ ಪ್ರಮಾಣಪತ್ರವನ್ನೂ ಒಮ್ಮೆ ಹೊರಗೆ ತೆಗೆಯಿರಿ. ಗಾಳಿಯಾಡಲಿ.

ಕಿರ್ದಿ ಪುಸ್ತಕ, ದಾವಣಗೆರೆ (ನಾಲ್ಕು ತಿಂಗಳ ನಂತರ)

ಇದನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದಕ್ಕೆ ಕ್ಷಮಿಸಿ. ಏನಾಯಿತು ಎಂದು ಇಬ್ಬರು ಕೇಳಿದ್ದೀರಿ.

ಗೊಬ್ಬರದ ಅಂಗಡಿಯ ಬಿಲ್ಲುಗಳನ್ನು ಏರಿಸಲು ಮೊದಲ ತಿಂಗಳಿಗೆ ಹದಿನೇಳು ದಿನ ಹಿಡಿಯಿತು, ಮೂರನೆಯದಕ್ಕೆ ಐದು. ಟ್ಯಾಲಿಯ ಪರದೆ ಗುರುತು ಸಿಗದಷ್ಟು ಬದಲಾಗಿದೆ, ಆದರೆ ಎಫ್5 ಒತ್ತಿದರೆ ಈಗಲೂ ಪಾವತಿ, ಎಫ್6 ಒತ್ತಿದರೆ ಈಗಲೂ ಸ್ವೀಕೃತಿ. ಬೆರಳು ತಾನಾಗಿಯೇ ಅಲ್ಲಿಗೆ ಹೋದಾಗ ಹಳೆಯ ಮನೆಯ ಕತ್ತಲಲ್ಲಿ ಸ್ವಿಚ್ಚು ಸಿಕ್ಕ ಹಾಗಾಯಿತು. ಆಮೇಲೆ ಟ್ಯಾಲಿಯ ಪರೀಕ್ಷೆಯೊಂದನ್ನು ಕಟ್ಟಿದೆ, ಪಾಸಾದೆ. ತುಂಗಾ ಅವರ ಮಾತು ಮನಸ್ಸಿನಲ್ಲಿತ್ತು, ಬಾಗಿಲು ತೆರೆಸಲು ಒಂದು ಕಾಗದ ಇರಲಿ ಎಂದು.

ಎರಡು ಕಡೆ ಬೇಡ ಎಂದರು. ಒಂದು ಕಡೆ ವಯಸ್ಸು ಕೇಳಿ ಫೋನು ಇಟ್ಟೇಬಿಟ್ಟರು. ಮೂರನೆಯದು ಅಕ್ಕಿ ವ್ಯಾಪಾರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಮಾಲೀಕರು ಕಾಗದವನ್ನು ಪಕ್ಕಕ್ಕಿಟ್ಟು, "ಅಂಗಡಿಗಳಲ್ಲಿ 26 ಕೆಜಿ ಚೀಲ ಏಕೆ ಮಾರುತ್ತಾರೆ, ಗೊತ್ತೇನಮ್ಮ?" ಎಂದು ಕೇಳಿದರು. ಗೊತ್ತಿತ್ತು. 2022ರ ಜುಲೈ 18ರಿಂದ ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ, ಆದರೆ 25 ಕೆಜಿಯವರೆಗೆ ಮಾತ್ರ. ಒಂದು ಕೆಜಿ ಹೆಚ್ಚು ತುಂಬಿದರೆ ತೆರಿಗೆ ಇಲ್ಲ. ಇದನ್ನು ನಾನು ಯಾವ ತರಗತಿಯಲ್ಲೂ ಕಲಿತದ್ದಲ್ಲ. ತಿಂಗಳ ಸಾಮಾನು ತರುವಾಗ ಚೀಲದ ಮೇಲೆ 26 ನೋಡಿ, ಇದೇನು ವಿಚಿತ್ರ ತೂಕ ಎಂದು ಅಂಗಡಿಯವರನ್ನು ಕೇಳಿದ್ದೆ. ಮಾಲೀಕರು ನಕ್ಕು, ಸೋಮವಾರದಿಂದ ಬನ್ನಿ ಎಂದರು. ತಿಂಗಳಿಗೆ 14,000.

ಎರಡನೆಯ ವಾರ ಒಂದು ಎಡವಟ್ಟಾಯಿತು. ಒಂದೇ ಪಾವತಿಯನ್ನು ಎರಡು ಸಲ ಏರಿಸಿದ್ದೆ. ಹಳೆಯ ಅಭ್ಯಾಸದಂತೆ ಆಲ್ಟ್ ಹಿಡಿದು ಡಿ ಒತ್ತಿ ಅಳಿಸಿದೆ. 2006ರಲ್ಲಾಗಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸಂಜೆ ಲೆಕ್ಕ ಪರಿಶೋಧಕರ ಕಡೆಯ ಹುಡುಗಿ ಬಂದು ಎಡಿಟ್ ಲಾಗ್ ತೆರೆದು ತೋರಿಸಿದಳು: ನನ್ನ ಹೆಸರು, ದಿನಾಂಕ, ಹೊತ್ತು, ಅಳಿಸಿದ ಮೊತ್ತ ಎಲ್ಲವೂ ಅಲ್ಲಿ ಕೂತಿವೆ. 2023ರ ಏಪ್ರಿಲ್‌ನಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಹೀಗೆಯೇ ಇರಬೇಕಂತೆ. ಕಿವಿ ಬಿಸಿಯಾಯಿತು. ಆಗ ಟಪ್ಪಾಲು ಅವರ ಹಿರಿಯ ಗುಮಾಸ್ತರು ನೆನಪಾದರು. ಕಾರಣ ಬರೆದು ಸಹಿ ಹಾಕಿ ಕೊಟ್ಟೆ. ಹುಡುಗಿ ಅದನ್ನು ಕಡತಕ್ಕೆ ಸೇರಿಸಿ, ಚಹಾ ಕುಡಿದು ಹೋದಳು.

ಟಪ್ಪಾಲು ವಹಿ, ಹಾಸನ ಜಿಲ್ಲೆ

ಆ ಗುಮಾಸ್ತರು ಹೋದ ವರ್ಷ ನಿವೃತ್ತರಾದರು ಅಕ್ಕ. ನಾಳೆಯೇ ಫೋನು ಮಾಡಿ ಓದಿ ಹೇಳುತ್ತೇನೆ.

ಲೆಕ್ಕಿಗ, ಹುಬ್ಬಳ್ಳಿ

ಪಿಎಫ್ ಏನಾಯಿತು?

ಕಿರ್ದಿ ಪುಸ್ತಕ, ದಾವಣಗೆರೆ

2003ರ ಒಂದು ಸಂಬಳ ಚೀಟಿ ಸಿಕ್ಕಿತು, ಮದುವೆಯ ಆಲ್ಬಮ್ಮಿನ ಹಿಂದೆ. ಸಂಖ್ಯೆ ಇದೆ. ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ, ಹೆಸರಿನದ್ದೇ ತಕರಾರು ಎದ್ದಿದೆ, ನೀವು ಹೇಳಿದ ಹಾಗೆಯೇ. ನೋಟರಿಯ ಕಾಗದ ಕೊಟ್ಟಿದ್ದೇನೆ. ಉಳಿದದ್ದನ್ನು ರಾತ್ರಿ ಬರೆಯುತ್ತೇನೆ ಸರ್. ಇವತ್ತು 10ನೇ ತಾರೀಖು, ಗಂಗಾವತಿಯ ಇಬ್ಬರು ನಮ್ಮ ಬಿಲ್ಲು ಇನ್ನೂ ಏರಿಸಿಲ್ಲ. ಫೋನು ಮಾಡಬೇಕು.